ಎರಡನೇ ಪ್ರಶ್ನೆ ಕೇಳಿ ಸ್ವಾಮಿ: ಶಾಸಕರಿಗೆ ನಿವೃತ್ತ ಗುಮಾಸ್ತನೊಬ್ಬನ ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆಯ 224 ಮತ್ತು ವಿಧಾನ ಪರಿಷತ್ತಿನ 75 ಮಾನ್ಯ ಸದಸ್ಯರಿಗೆ,

ನಮಸ್ಕಾರ.

ಒಂದು ಜಿಲ್ಲಾ ಮಟ್ಟದ ಸರ್ಕಾರಿ ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಎರಡನೇ ದರ್ಜೆ ಗುಮಾಸ್ತನಾಗಿ ಸೇರಿದೆ, ವ್ಯವಸ್ಥಾಪಕನಾಗಿ ಹೊರಬಂದೆ. ನಿಮಗೆ ನನ್ನ ಪರಿಚಯ ಇಲ್ಲ. ನನಗೆ ನಿಮ್ಮಲ್ಲಿ ಹಲವರ ಪರಿಚಯ ಇದೆ, ನಿಮ್ಮ ಪ್ರಶ್ನೆಗಳ ಮೂಲಕ. ಸದನದಲ್ಲಿ ನೀವು ಕೇಳಿದ್ದಕ್ಕೆ ಮಂತ್ರಿಗಳು ಎದ್ದು ನಿಂತು ಓದುತ್ತಾರಲ್ಲ, ಆ ಉತ್ತರಗಳಲ್ಲಿ ಒಂದಷ್ಟನ್ನು ಮೊದಲು ಬರೆದ ಕೈ ನನ್ನದು.

ನಿಮ್ಮ ಪ್ರಶ್ನೆ ನಮ್ಮ ಮೇಜಿಗೆ ಬರುವ ಬಗೆ ನಿಮಗೆ ಗೊತ್ತಿರಲಿಕ್ಕಿಲ್ಲ. ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ, ಇಲಾಖೆಯಿಂದ ಆಯುಕ್ತರ ಕಚೇರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ. ನೀವು ದಿನಗಟ್ಟಲೆ ಮುಂಚೆ ಕೊಟ್ಟ ಸೂಚನೆ ನಮಗೆ ಸಿಗುವ ಹೊತ್ತಿಗೆ ಉಳಿದಿರುತ್ತಿದ್ದದ್ದು ಕೆಲವು ಗಂಟೆ. ಕಡತದ ಮೇಲೆ ಕೆಂಪು ಶಾಯಿಯಲ್ಲಿ 'ಎಲ್‌ಎಕ್ಯೂ, ಅತಿ ಜರೂರು' ಅಂತ ಬರೆದಿರುತ್ತಿತ್ತು; ಎಲ್‌ಎಕ್ಯೂ ಅಂದರೆ ವಿಧಾನಸಭೆಯ ಪ್ರಶ್ನೆ. ಮೊದಲು ಫ್ಯಾಕ್ಸ್ ಇತ್ತು, ಆಮೇಲೆ ಇಮೇಲ್, ಕೊನೆಕೊನೆಗೆ ವಾಟ್ಸಾಪ್. 'ಮಧ್ಯಾಹ್ನ 3ರೊಳಗೆ ಉತ್ತರ ಕಳಿಸಿ' ಎಂಬ ಸಾಲು ಮಾತ್ರ 31 ವರ್ಷವೂ ಬದಲಾಗಲಿಲ್ಲ. ಅಧಿವೇಶನ ಶುರು ಅಂದರೆ ಯಾರಿಗೂ ರಜೆ ಇಲ್ಲ. ಹೆಂಡತಿಯ ತಂಗಿ ಮದುವೆಗೆ ಹೋಗಲಾಗದೆ ನಾನು ಕುಡಿಯುವ ನೀರಿನ ಬಗ್ಗೆ ಉತ್ತರ ಬರೆದಿದ್ದೇನೆ. ಮನೆಯಲ್ಲಿ ಆ ಮಾತು ಇವತ್ತಿಗೂ ಬರುತ್ತದೆ.

ಇಷ್ಟು ಹೇಳಿದ್ದು ಗೋಳು ತೋಡಿಕೊಳ್ಳಲು ಅಲ್ಲ. ನಿಮ್ಮ ಪ್ರಶ್ನೆಗೆ ನಾವು ಹೆದರುತ್ತಿದ್ದೆವು ಅಂತ ಹೇಳಲು. ಉತ್ತರ ಕಳಿಸಿದ ಮೇಲೆ ಹೆದರಿಕೆ ಪೂರ್ತಿ ಇಳಿದುಹೋಗುತ್ತಿತ್ತು ಅಂತಲೂ ಹೇಳಬೇಕು. ಯಾಕೆ ಇಳಿಯುತ್ತಿತ್ತು ಅನ್ನುವುದೇ ಈ ಪತ್ರ.

ಒಂದು ಉದಾಹರಣೆ ಕೊಡುತ್ತೇನೆ. ಇದರಲ್ಲಿ ನಾನೂ ಪಾಲುದಾರ, ಹಾಗಾಗಿ ಇಲಾಖೆಯ ಹೆಸರು ಬೇಡ, ಜಿಲ್ಲೆಯ ಹೆಸರೂ ಬೇಡ.

ಒಂದು ಸಲ ಒಬ್ಬ ಶಾಸಕರು ಕೇಳಿದರು: ಜಿಲ್ಲೆಯ ವಿದ್ಯಾರ್ಥಿ ನಿಲಯಗಳ ದುರಸ್ತಿಗೆ ಬಿಡುಗಡೆಯಾದ ಅನುದಾನ ಎಷ್ಟು? ಖರ್ಚಾದದ್ದು ಎಷ್ಟು? ಒಳ್ಳೆಯ ಪ್ರಶ್ನೆಯೇ. ನಾನು ಲೆಡ್ಜರ್ ತೆಗೆದೆ. ಬಿಡುಗಡೆ 42 ಲಕ್ಷ, ವೆಚ್ಚ 42 ಲಕ್ಷ, ಪ್ರಗತಿ ಶೇ. 100. ಒಂದೇ ಪುಟದ ತಖ್ತೆ. ಸಹಿ ಆಯಿತು, ಮೇಲೆ ಹೋಯಿತು, ಸದನದಲ್ಲಿ ಮಂಡನೆಯಾಯಿತು. ಆ ಶಾಸಕರು ಖುಷಿಯಾಗಿಯೇ ಇದ್ದಿರಬೇಕು, ಶೇ. 100 ಅಂದರೆ ಯಾರಿಗೆ ಬೇಸರ?

ಆ ಉತ್ತರದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಆ ಹೊತ್ತಿಗೆ ಒಂದು ಹಾಸ್ಟೆಲಿನಲ್ಲೂ ಒಂದು ಇಟ್ಟಿಗೆ ಇಟ್ಟಿರಲಿಲ್ಲ. ಹಣ ಬಂದದ್ದು ಮಾರ್ಚ್ ಮೂರನೇ ವಾರ. 31ರೊಳಗೆ ಖರ್ಚಾಗದಿದ್ದರೆ ಲ್ಯಾಪ್ಸ್, ಅಂದರೆ ಹಣ ಕೈತಪ್ಪುತ್ತದೆ. ನಾವು ಎಲ್ಲರೂ ಮಾಡುವುದನ್ನೇ ಮಾಡಿದೆವು. 30ನೇ ತಾರೀಕು ಖಜಾನೆಯಲ್ಲಿ ಬಿಲ್ಲು ಪಾಸ್ ಮಾಡಿಸಿ, ಪೂರ್ತಿ ಹಣವನ್ನು ಕಾಮಗಾರಿ ಮಾಡುವ ಏಜೆನ್ಸಿಯ ಬ್ಯಾಂಕ್ ಖಾತೆಗೆ ಹಾಕಿದೆವು. ಖಜಾನೆಯಿಂದ ಹೊರಟ ಗಳಿಗೆಯಲ್ಲೇ ಅದು ಕಾಗದದ ಮೇಲೆ 'ವೆಚ್ಚ'. ಅದು ಗಾರೆ ಸಿಮೆಂಟ್ ಆಗಿದೆಯೋ, ಬ್ಯಾಂಕಿನಲ್ಲಿ ಬಡ್ಡಿ ತಿನ್ನುತ್ತಾ ಮಲಗಿದೆಯೋ ತಖ್ತೆಯಲ್ಲಿ ಕಾಣುವುದಿಲ್ಲ. ಮುಂದಿನ ವರ್ಷ ಜೂನ್‌ನಲ್ಲಿ ಬೇರೆ ಕೆಲಸದ ಮೇಲೆ ಆ ಹಾಸ್ಟೆಲ್‌ಗಳಲ್ಲಿ ಒಂದಕ್ಕೆ ಹೋಗಿದ್ದೆ. ಹುಡುಗರು ಹಿತ್ತಲಲ್ಲಿ ತೊಟ್ಟಿ ಪಕ್ಕ ಚಡ್ಡಿಯಲ್ಲಿ ನಿಂತು ಸ್ನಾನ ಮಾಡುತ್ತಿದ್ದರು. ಸ್ನಾನದ ಕೋಣೆಗೆ ಸೂರೇ ಇರಲಿಲ್ಲ. ಒಬ್ಬ ಹುಡುಗ 'ನಮಸ್ಕಾರ ಸಾರ್' ಅಂದ. ಶೇ. 100 ಪ್ರಗತಿ ನನಗೆ ಅವತ್ತು ಚಡ್ಡಿಯಲ್ಲಿ ನಿಂತು ನಮಸ್ಕಾರ ಹೇಳಿತು.

ಆ ಶಾಸಕರು ಇನ್ನೊಂದೇ ಪ್ರಶ್ನೆ ಕೇಳಿದ್ದರೆ ನಾವು ಸಿಕ್ಕಿಬೀಳುತ್ತಿದ್ದೆವು. 'ಮಾರ್ಚ್ 31ಕ್ಕೆ ಆ ಹಣ ಯಾವ ಬ್ಯಾಂಕಿನ, ಯಾವ ಖಾತೆಯಲ್ಲಿತ್ತು?' ಅಥವಾ, 'ಅಳತೆ ಪುಸ್ತಕದಲ್ಲಿ ಎಷ್ಟು ಕೆಲಸ ದಾಖಲಾಗಿದೆ?' ಅಷ್ಟೇ. ಇದಕ್ಕೆ ಶೇ. 100 ಅಂತ ಬರೆಯಲು ಯಾವ ಗುಮಾಸ್ತನಿಂದಲೂ ಆಗುವುದಿಲ್ಲ.

ಉತ್ತರ ಬರೆಯುವುದರಲ್ಲಿ ಒಂದು ವಿದ್ಯೆ ಇದೆ. ನಾನು ಅದನ್ನು ಹಿರಿಯರಿಂದ ಕಲಿತೆ, ಕಿರಿಯರಿಗೆ ಕಲಿಸಿದೆ. 'ಸರ್ಕಾರದ ಗಮನಕ್ಕೆ ಬಂದಿದೆಯೇ?' ಅಂತ ನೀವು ಕೇಳಿದರೆ 'ಬಂದಿದೆ' ಅಂತ ಒಂದೇ ಪದ ಬರೆದು ಮುಂದೆ ಹೋಗುತ್ತೇವೆ. 'ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?' ಅಂದರೆ 'ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ'. ಯಾವ ನಿಯಮ ಅಂತ ಯಾರೂ ಕೇಳುವುದಿಲ್ಲ. ಮೊದಲ ಉತ್ತರವನ್ನೇ 'ಬಂದಿರುವುದಿಲ್ಲ' ಅಂತ ಬರೆದುಬಿಟ್ಟರಂತೂ ಉಳಿದ ಮೂರು ಉಪಪ್ರಶ್ನೆಗೂ 'ಉದ್ಭವಿಸುವುದಿಲ್ಲ'. ನನ್ನ ಸರ್ವೀಸಿನಲ್ಲಿ ಇದರಷ್ಟು ಸುಖ ಕೊಟ್ಟ ಪದ ಇನ್ನೊಂದಿಲ್ಲ. ಅಂಕಿ ಜಾಸ್ತಿ ಇದ್ದು ಗೋಜಲಾಗಿದ್ದರೆ 'ಅನುಬಂಧದಲ್ಲಿ ಒದಗಿಸಿದೆ'. 60 ಪುಟದ ಅನುಬಂಧ ಕೊಟ್ಟರೆ ಓದುವವರು ಯಾರು? ಯಾವುದೂ ಆಗದಿದ್ದರೆ 'ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ'.

ಇನ್ನೊಂದು ಒಳಗುಟ್ಟು. ಸದನಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆಯಲ್ಲ, ಮಂತ್ರಿಗಳು 'ಮಾಡುತ್ತೇವೆ' ಅಂದದ್ದನ್ನು ಬೆನ್ನುಹತ್ತುವ ಸಮಿತಿ. ಅದಕ್ಕೆ ಸಿಗಬಾರದು ಅಂತಲೇ ನಮಗೆ ಮೌಖಿಕ ಸೂಚನೆ ಇತ್ತು: 'ಮಾಡಲಾಗುವುದು' ಅಂತ ಬರೀಬೇಡ್ರಿ, 'ಪರಿಶೀಲಿಸಲಾಗುವುದು' ಅಂತ ಬರೀರಿ. ಮುಂದಿನ ಸಲ ಉತ್ತರದಲ್ಲಿ ಆ ಪದ ಕಂಡರೆ, ಅದನ್ನು ಯಾರೋ ಒಬ್ಬರು ಕೂತು ಆರಿಸಿದ್ದಾರೆ ಅಂತ ನೆನಪಿರಲಿ.

ಇಷ್ಟೆಲ್ಲ ಕಳ್ಳದಾರಿ ಇದ್ದರೂ, ಪ್ರಶ್ನೆ ಕೇಳುವುದನ್ನು ನಮ್ಮೂರಿನ ಒಬ್ಬ ಅಜ್ಜಿ ನಿಮಗಿಂತ ಚೆನ್ನಾಗಿ ಮಾಡಿದ್ದನ್ನು ನಾನು ನೋಡಿದ್ದೇನೆ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ, ನಿಮಗೆ ಗೊತ್ತು. ಹಿಂದಿನ ವರ್ಷದ ಖರ್ಚನ್ನೆಲ್ಲ ಊರವರ ಮುಂದೆ ಓದಬೇಕು. ನಿವೃತ್ತಿ ಆದ ಮೇಲೆ ಹೊತ್ತು ಹೋಗದೆ ಒಂದು ಜಮಾಬಂದಿಗೆ ಹೋಗಿ ಕೂತಿದ್ದೆ. ಕಾರ್ಯದರ್ಶಿ ಒಂದೇ ಉಸಿರಿನಲ್ಲಿ ಓದುತ್ತಾ ಹೋದರು. ಚರಂಡಿ ಕಾಮಗಾರಿ, ಒಂದು ಲಕ್ಷದ ಎಂಬತ್ತು ಸಾವಿರ. ಅಜ್ಜಿ ಎದ್ದು ನಿಂತರು. 'ಯಾವ್ ಚರಂಡಿನಪ್ಪ?' ಕಾರ್ಯದರ್ಶಿ ಬೀದಿಯ ಹೆಸರು ಹೇಳಿದರು. 'ನಡಿ, ತೋರ್ಸು.' ಸಭೆಯೇ ಎದ್ದು ಹೋಯಿತು. ಚರಂಡಿ ಇತ್ತು. ಮಾರಮ್ಮನ ಗುಡಿವರೆಗೂ ಇರಬೇಕಾದದ್ದು ಅರ್ಧಕ್ಕೇ ನಿಂತಿತ್ತು. ಆ ಅಜ್ಜಿಗೆ ಓದು ಬರಹ ಬರುವುದಿಲ್ಲ. ಲೆಕ್ಕಶೀರ್ಷಿಕೆ ಅಂದರೆ ಏನು ಅಂತ ತಿಳಿಯದು. ಖರ್ಚಾಯಿತು ಅನ್ನುವುದಕ್ಕೂ ಚರಂಡಿ ಆಯಿತು ಅನ್ನುವುದಕ್ಕೂ ನಡುವೆ ನಡೆದು ಹೋಗಿ ನೋಡುವಷ್ಟು ದೂರ ಇದೆ ಅನ್ನುವುದು ಮಾತ್ರ ಗೊತ್ತಿತ್ತು.

ಆ ದೂರವನ್ನು ನೋಡಲೆಂದೇ ನಿಮಗೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಸಂವಿಧಾನದ 151ನೇ ವಿಧಿಯಂತೆ ರಾಜ್ಯಪಾಲರ ಮೂಲಕ ನಿಮ್ಮ ಮುಂದೆ ಬರುತ್ತದೆ. ಅದರ ಕಂಡಿಕೆಗಳನ್ನು ಹಿಡಿದು ಸಮಿತಿ ಇಲಾಖೆಯ ಕಾರ್ಯದರ್ಶಿಯನ್ನೇ ಕರೆಸಿ ಕೇಳಬಹುದು. ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ರೂಢಿ. ಎಜಿ ಆಫೀಸಿನವರು, ಅಂದರೆ ಸಿಎಜಿಯ ಕೈಕೆಳಗಿನ ಮಹಾಲೇಖಪಾಲರ ಕಚೇರಿಯವರು, ಆಡಿಟ್‌ಗೆ ಬಂದಾಗ 'ಹಾಫ್ ಮಾರ್ಜಿನ್' ಅಂತ ಒಂದು ಚೀಟಿ ಕೊಡುತ್ತಾರೆ. ಹಾಳೆಯ ಅರ್ಧಕ್ಕೆ ಅವರ ಆಕ್ಷೇಪ, ಉಳಿದರ್ಧ ಖಾಲಿ, ನಾವು ಉತ್ತರ ಬರೆಯಲು. ಆ ಖಾಲಿ ಅರ್ಧವನ್ನು ನೋಡಿ ದೊಡ್ಡ ದೊಡ್ಡ ಅಧಿಕಾರಿಗಳು ಬೆವರಿದ್ದನ್ನು ಕಂಡಿದ್ದೇನೆ. ಅದೇ ಆಕ್ಷೇಪ ಬೆಳೆದು ಸಿಎಜಿ ವರದಿಗೆ ಏರಿ ಸಮಿತಿಗೆ ಬರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಬಿಲ್ಲಿಗೆ ಸಹಿ ಹಾಕಿದವರು ನಿವೃತ್ತರು, ಕೆಲವೊಮ್ಮೆ ದಿವಂಗತರು. ಹೊಸದಾಗಿ ಬಂದ ಅಧಿಕಾರಿ 'ನನ್ನ ಕಾಲದ್ದಲ್ಲ' ಅನ್ನುತ್ತಾರೆ. ಅದು ನಿಜವೂ ಹೌದು.

ಸಮಿತಿಯ ಕೆಲಸಕ್ಕೆ ಟಿವಿ ಕ್ಯಾಮೆರಾ ಇಲ್ಲ. ಅಲ್ಲಿ ಮೇಜು ಕುಟ್ಟಿದರೆ ಕ್ಷೇತ್ರದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಅದಕ್ಕೇ ನಿಮ್ಮಲ್ಲಿ ಹಲವರಿಗೆ ಅದು ರುಚಿಸುವುದಿಲ್ಲ ಅಂತ ನನ್ನ ಅನುಮಾನ. ಆದರೆ ನಾವು ಗುಮಾಸ್ತರು ಸದನದ ಗದ್ದಲಕ್ಕೆ ಒಂದು ದಿನವೂ ಹೆದರಿದವರಲ್ಲ. ಗದ್ದಲವಾದರೆ ಪ್ರಶ್ನೋತ್ತರ ಕಲಾಪ ಬಿದ್ದುಹೋಗುತ್ತದೆ, ಉತ್ತರಗಳನ್ನು ಮಂಡಿಸಿದ್ದಾಗಿದೆ ಎಂದು ಭಾವಿಸಿ ಮುಂದಕ್ಕೆ ಹೋಗುತ್ತಾರೆ. ನಮಗೆ ಅದೇ ಹಬ್ಬ. ನೀವು ಸ್ಪೀಕರ್ ಪೀಠದ ಮುಂದಿನ ಬಾವಿಗಿಳಿದ ದಿನ ನಮ್ಮ ಆಫೀಸಿನಲ್ಲಿ ಟೀ ಜೊತೆ ಬೋಂಡಾ ತರಿಸಿದ್ದುಂಟು.

ಸಮಿತಿಗಳಿಂದ ಏನೂ ಆಗಿಲ್ಲ ಅಂತಲ್ಲ. ಎ.ಟಿ. ರಾಮಸ್ವಾಮಿಯವರ ಜಂಟಿ ಸದನ ಸಮಿತಿಯನ್ನು ನೆನೆಯಿರಿ. ಬೆಂಗಳೂರು ನಗರ ಜಿಲ್ಲೆಯಲ್ಲಿ ಒತ್ತುವರಿಯಾದ ಸರ್ಕಾರಿ ಜಮೀನು 27 ಸಾವಿರ ಎಕರೆಗೂ ಜಾಸ್ತಿ ಅಂತ 2007ರಲ್ಲಿ ಲೆಕ್ಕ ಹಾಕಿ ತೋರಿಸಿತು. ಆ ಸಮಿತಿಯಲ್ಲಿದ್ದವರೂ ನಿಮ್ಮಂತಹ ಶಾಸಕರೇ. ಆ ಜಮೀನೆಲ್ಲ ವಾಪಸ್ ಬಂತಾ ಅಂತ ಕೇಳಿದರೆ ಅದು ಬೇರೆ ಕಥೆ. ಆ ಕಥೆಗೂ ಎರಡನೇ ಪ್ರಶ್ನೆ ಬೇಕು.

ಸಮಿತಿಯನ್ನು ಬಾಗಿಲಲ್ಲೇ ನಿಲ್ಲಿಸಿದ್ದೂ ಇದೆ. 2020ರ ಮೇ ತಿಂಗಳು, ಕೋವಿಡ್ ಕಾಲ. ಪಿಪಿಇ ಕಿಟ್, ವೆಂಟಿಲೇಟರ್ ಖರೀದಿಯ ಬಗ್ಗೆ ದೂರುಗಳಿದ್ದವು. ಎಚ್.ಕೆ. ಪಾಟೀಲರು ಅಧ್ಯಕ್ಷರಾಗಿದ್ದ ಲೆಕ್ಕಪತ್ರ ಸಮಿತಿ ಸ್ಥಳಕ್ಕೇ ಹೋಗಿ ಪರಿಶೀಲಿಸಲು ಹೊರಟಿತ್ತು. ಆಗಿನ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಸಮಿತಿಗಳ ಪ್ರವಾಸ, ಸ್ಥಳ ಪರಿಶೀಲನೆಗೆ ತಡೆ ಹಾಕಿದರು. ಸೋಂಕಿನ ಕಾರಣ ಕೊಟ್ಟರು. ಪಾಟೀಲರು ಪ್ರತಿಭಟಿಸಿದರು. ಆಮೇಲೆ ಸರ್ಕಾರ ಬದಲಾಯಿತು, 2023ರಲ್ಲಿ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗ ಬಂತು. ಗೋದಾಮಿನಲ್ಲಿ ಸಾಮಾನು ಇರುವಾಗಲೇ ಎಣಿಸುವುದಕ್ಕೂ ಮೂರು ವರ್ಷದ ಮೇಲೆ ಕಾಗದದಲ್ಲಿ ಹುಡುಕುವುದಕ್ಕೂ ವ್ಯತ್ಯಾಸ ಎಷ್ಟು ಅಂತ ಸ್ಟಾಕ್ ರಿಜಿಸ್ಟರ್ ಬರೆದ ಯಾರನ್ನಾದರೂ ಕೇಳಿ.

ಇನ್ನು ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ವಿಷಯ. ಇದನ್ನು ಬರೆಯುವಾಗ ನನಗೆ ಕೈ ನಡುಗುತ್ತದೆ. 2024ರ ಮೇ ತಿಂಗಳಲ್ಲಿ ಆ ನಿಗಮದ ಲೆಕ್ಕ ವಿಭಾಗದ ಒಬ್ಬ ಅಧೀಕ್ಷಕರು ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡರು. ನಾನು ಮಾಡುತ್ತಿದ್ದಂತಹದೇ ಕೆಲಸ ಅವರದು. ಬ್ಯಾಂಕ್ ಖಾತೆಯಿಂದ 94.73 ಕೋಟಿ ರೂಪಾಯಿ ಅಕ್ರಮವಾಗಿ ಹೋಗಿದೆ ಅಂತ ಮೊದಲು ಲೆಕ್ಕ ಸಿಕ್ಕಿತು. 89.63 ಕೋಟಿ ಅಂತ ಆಮೇಲೆ ಮುಖ್ಯಮಂತ್ರಿಗಳು ಸದನದಲ್ಲಿ ಹೇಳಿದರು. ಮಂತ್ರಿ ರಾಜೀನಾಮೆ ಕೊಟ್ಟರು. ಜುಲೈ ಅಧಿವೇಶನದಲ್ಲಿ ನೀವು ದಿನಗಟ್ಟಲೆ ಕೂಗಾಡಿದಿರಿ. ಕೂಗಿದ್ದು ತಪ್ಪಲ್ಲ. ಆದರೆ ಆ ಹಣ ಖಾತೆಯಿಂದ ಖಾತೆಗೆ ಹೋಗುತ್ತಿದ್ದಾಗ ಅದನ್ನು ಹಿಡಿದದ್ದು ಸದನದ ಪ್ರಶ್ನೆಯಲ್ಲ, ಲೆಕ್ಕಪತ್ರ ಸಮಿತಿಯೂ ಅಲ್ಲ. ಒಂದು ಸಾವು ಅದನ್ನು ಹೊರಗೆ ತಂದಿತು. ಮಾರ್ಚ್ 31ಕ್ಕೆ ಹಣ ಎಲ್ಲಿತ್ತು ಎಂಬ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಸರ್ಕಾರದ ಹಣ ಖಜಾನೆ ದಾಟಿ ನಿಗಮ, ಮಂಡಳಿ, ಸೊಸೈಟಿಗಳ ಬ್ಯಾಂಕ್ ಖಾತೆಗೆ ಹೋದ ಮೇಲೆ ಅದರ ಮೇಲೆ ಬೆಳಕು ಕಡಿಮೆ. ಕದಿಯುವವರಿಗೆ ಅದು ನಮಗಿಂತ ಮೊದಲೇ ಗೊತ್ತಿರುತ್ತದೆ.

ಸಮಯ ಇಲ್ಲ ಅನ್ನುತ್ತೀರಿ. ನಿಜ ಇರಬಹುದು. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕು ಅಂತ 2005ರಲ್ಲಿ ಕಾನೂನು ಮಾಡಿಕೊಂಡವರು ನೀವೇ, ಅಂದರೆ ನಿಮ್ಮ ಹಿಂದಿನವರು. ಅಷ್ಟು ದಿನ ಮುಟ್ಟದ ವರ್ಷಗಳೇ ಜಾಸ್ತಿ. 2025-26ರ ಬಜೆಟ್ 4,09,549 ಕೋಟಿ ರೂಪಾಯಿಯದು. ಇದರ ಬಹುಪಾಲು ಹಣಕ್ಕೆ ಬೇಡಿಕೆ ಬೇಡಿಕೆಯಾಗಿ, ಅಂದರೆ ಇಲಾಖಾವಾರು ಕೋರಿಕೆಗಳಾಗಿ, ಒಪ್ಪಿಗೆ ಕೊಡುವುದು ನಿಮ್ಮ ವಿಧಾನಸಭೆಯ ಕೈಯಲ್ಲಿದೆ. ಬೇಡಿಕೆ ಸಂಖ್ಯೆ 17 ಅಂದರೆ ಶಿಕ್ಷಣ, 22 ಅಂದರೆ ಆರೋಗ್ಯ. ಆ ಪುಸ್ತಕಗಳನ್ನು ಕಟ್ಟುಕಟ್ಟಾಗಿ ನಿಮಗೆ ಕೊಡುತ್ತಾರೆ. ಎಷ್ಟೋ ಕಟ್ಟುಗಳ ದಾರ ಬಿಚ್ಚಿರುವುದೇ ಇಲ್ಲ ಅಂತ ಕೇಳಿದ್ದೇನೆ. ನನ್ನ ಕಣ್ಣಾರೆ ನೋಡಿದ್ದಲ್ಲ, ಸುಳ್ಳಾಗಿದ್ದರೆ ಕ್ಷಮಿಸಿ.

ಬೇಕಾದಾಗ ನೀವು ಎಷ್ಟು ಬೇಗ ಕೆಲಸ ಮಾಡಬಲ್ಲಿರಿ ಅನ್ನುವುದನ್ನು ಮಾತ್ರ ಇಡೀ ನಾಡು ನೋಡಿದೆ. 2025ರ ಮಾರ್ಚ್ 21ರಂದು ಸದನದಲ್ಲಿ ಕಾಗದ ಹರಿದು ಎಸೆಯುತ್ತಿದ್ದರು. 18 ಶಾಸಕರು ಅಮಾನತಾದರು. ಆ ಗದ್ದಲದ ನಡುವೆಯೇ ನಿಮ್ಮ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರುವ ಮಸೂದೆ ಚರ್ಚೆಯೇ ಇಲ್ಲದೆ ಪಾಸಾಯಿತು. ಸಂಬಳ ಏರಿಸಿಕೊಂಡದ್ದಕ್ಕೆ ನನ್ನ ತಕರಾರಿಲ್ಲ. ನನಗೂ ವೇತನ ಆಯೋಗ ಬಂದಾಗ ಖುಷಿಯಾಗಿದೆ. ಆ ವೇಗ ನೋಡಿ ಹೊಟ್ಟೆಕಿಚ್ಚಾಯಿತು, ಅಷ್ಟೇ.

ನಮ್ಮ ನೆಲಕ್ಕೆ ಇದು ಹೊಸ ಅಭ್ಯಾಸವೂ ಅಲ್ಲ. 1881ರಲ್ಲೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. 144 ಜನ, ರೈತರು ವರ್ತಕರು. ಬಜೆಟ್ ಮೇಲೆ ಮತ ಹಾಕುವ ಅಧಿಕಾರ ಅವರಿಗಿರಲಿಲ್ಲ. ದಿವಾನರ ಎದುರು ಕೆರೆ, ರಸ್ತೆ, ಕಂದಾಯ ಅಂತ ಅಹವಾಲು ಹೇಳಿಕೊಳ್ಳುವುದಷ್ಟೇ. ನಿಮಗೆ ಮತವೂ ಇದೆ, ಸಮಿತಿಯೂ ಇದೆ, ಕಾರ್ಯದರ್ಶಿಯನ್ನು ಕರೆಸಿ ನಿಲ್ಲಿಸುವ ಅಧಿಕಾರವೂ ಇದೆ.

ನಿಮ್ಮ ಪ್ರಶ್ನೆಗಳ ಬಗ್ಗೆ ಒಂದು ಕಹಿ ಮಾತು ಹೇಳದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಎಲ್ಲ ಪ್ರಶ್ನೆಯೂ ಜನರಿಗಾಗಿ ಬರುವುದಿಲ್ಲ. ಇಂಥ ಟೆಂಡರ್ ಯಾರಿಗೆ ಹೋಯಿತು, ಇಂಥ ಎಂಜಿನಿಯರ್ ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಅಂತ ಚುಕ್ಕೆ ಗುರುತು ಹಾಕಿ, ಅಂದರೆ ಮಂತ್ರಿಗಳು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಲಿ ಅಂತ, ಕೇಳುತ್ತಿದ್ದಿರಿ. ನಾವು ಹಗಲು ರಾತ್ರಿ ಕೂತು ಮಾಹಿತಿ ಸೇರಿಸುತ್ತಿದ್ದೆವು. ಆಮೇಲೆ ಸದ್ದಿಲ್ಲ. ಪ್ರಶ್ನೆ ಯಾರ ಮನೆಯಲ್ಲಿ ಹುಟ್ಟಿತು, ಎಲ್ಲಿ ಸಮಾಧಾನವಾಯಿತು ಅನ್ನುವುದು ನಮ್ಮ ಆಫೀಸಿನ ಜವಾನನಿಗೂ ಗೊತ್ತಿರುತ್ತಿತ್ತು. ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡರು ಅಂತ 2005ರಲ್ಲಿ ಸಂಸತ್ತಿನಿಂದ 11 ಜನರನ್ನು ಹೊರಹಾಕಿದರು. ಕ್ಯಾಮೆರಾ ಇತ್ತು, ಸಿಕ್ಕಿಬಿದ್ದರು. ಮುಂದಕ್ಕೆ ಬರೆಯುವುದಿಲ್ಲ.

ನಾನು ಕೇಳುವುದು ಎರಡು ಮೂರು ಸಣ್ಣ ಸಂಗತಿ. ನಿಮ್ಮ ಹಳೆಯ ಪ್ರಶ್ನೆಗಳ ಉತ್ತರ ಪಿಡಿಎಫ್ ಆಗಿ ಸದನದ ವೆಬ್‌ಸೈಟಿನಲ್ಲಿ ಸಿಗುತ್ತವೆ. ಎಷ್ಟೋ ಪುಟ ಸ್ಕ್ಯಾನ್ ಮಾಡಿದ ಚಿತ್ರ, ಒಂದು ಊರಿನ ಹೆಸರು ಹಾಕಿ ಹುಡುಕಿದರೆ ಏನೂ ಬರುವುದಿಲ್ಲ. ಹುಡುಕಿದರೆ ಸಿಗುವಂತೆ ಮಾಡಿಸಿ. ಆಗ ಎರಡನೇ ಪ್ರಶ್ನೆಯನ್ನು ಊರವರೇ ಬರೆದು ನಿಮ್ಮ ಕೈಗೆ ಕೊಡುತ್ತಾರೆ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಅಂದ ಉತ್ತರಗಳ ಪಟ್ಟಿಯನ್ನು ಪ್ರತಿ ಅಧಿವೇಶನದ ಮೊದಲ ದಿನ ಓದಿಸಿ. ಹಳೇ ಬಾಕಿ ಓದುವಾಗ ಮಂತ್ರಿಗಳ ಮುಖ ನೋಡಲು ನಾನೇ ಬೆಂಗಳೂರಿಗೆ ಬಸ್ಸು ಹತ್ತಿ ಬರುತ್ತೇನೆ. ನಿಮ್ಮಲ್ಲಿ ಆಳುವ ಪಕ್ಷದವರು 'ನಮ್ಮ ಸರ್ಕಾರ, ಹೇಗೆ ಕೇಳೋದು' ಅನ್ನುತ್ತೀರಿ. ಕೆಂಗಲ್ ಹನುಮಂತಯ್ಯನವರು ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಬರೆಸಿದ್ದಾರೆ. ದೇವಸ್ಥಾನದ ಹುಂಡಿಯನ್ನೂ ನಾಲ್ಕು ಜನರ ಎದುರೇ ಎಣಿಸುತ್ತಾರೆ, ಅಲ್ವಾ?

ಮತ್ತೆ ಆ ಒಂದು ಸಾಲು. ಮುಂದಿನ ಅಧಿವೇಶನದಲ್ಲಿ ಯಾವ ಇಲಾಖೆಗಾದರೂ ಸರಿ, ಅನುದಾನದ ಪ್ರಶ್ನೆ ಕೇಳುವಾಗ ಕೊನೆಯಲ್ಲಿ ಸೇರಿಸಿಬಿಡಿ: 'ಸದರಿ ಮೊತ್ತವು ಮಾರ್ಚ್ 31ಕ್ಕೆ ಯಾವ ಬ್ಯಾಂಕಿನ ಯಾವ ಖಾತೆಯಲ್ಲಿ ಎಷ್ಟು ಉಳಿದಿತ್ತು? ಕೆಲಸ ಎಷ್ಟಾಗಿದೆ? ಸ್ಥಳದ ಫೋಟೋ ಸಮೇತ ವಿವರ ನೀಡುವುದು.'

ನನ್ನ ಹಳೆಯ ಮೇಜಿನಲ್ಲಿ ಈಗ ನಾನೇ ಕೆಲಸ ಕಲಿಸಿದ ಹುಡುಗ ಕೂತಿದ್ದಾನೆ. ಈ ಸಾಲು ನೋಡಿದರೆ ನನ್ನನ್ನು ಬೈದುಕೊಳ್ಳುತ್ತಾನೆ. ಮಧ್ಯಾಹ್ನದ ಊಟ ಬಿಟ್ಟು, ಬೈಕ್ ಹತ್ತಿ, ಮೊಬೈಲ್ ಹಿಡಿದುಕೊಂಡು ಆ ಹಾಸ್ಟೆಲ್‌ಗೆ ಹೋಗಬೇಕಾಗುತ್ತದೆ. ಹೋಗಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವ್ಯವಸ್ಥಾಪಕ